ಹವ್ಯಾಸಿ ಬಾಕ್ಸರ್ ವೃತ್ತಿಪರ ರಿಂಗ್‌ಗೆ ಇಳಿಯಬೇಕೇ?

ಪರ: ಇಳಿಯಲಿ ಬಿಡಿ

ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಂದಿನಿಂದ ಕೆಜಿಎಫ್‌ನ ಎಷ್ಟೋ ಮನೆಗಳಲ್ಲಿ ದುಡಿಯುವವರು ನಸುಕಿನಲ್ಲೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ, ಕತ್ತಲಾದ ಮೇಲೆ ಮರಳುತ್ತಾರೆ. ಅಂಥ ಮನೆಯ ಹುಡುಗನೊಬ್ಬ ರಾಷ್ಟ್ರೀಯ ಕೂಟದವರೆಗೆ ಹೋಗಿ ಬಂದು, ಇಪ್ಪತ್ತಮೂರನೇ ವಯಸ್ಸಿನಲ್ಲಿ ‘ಇನ್ನು ಈ ಆಟದಿಂದಲೇ ಅನ್ನ ದುಡಿಯುತ್ತೇನೆ’ ಎಂದರೆ ಬೇಡ ಎನ್ನಲು ನಾವು ಯಾರು?

ಒಲಿಂಪಿಕ್ಸ್ ಇದೆಯಲ್ಲ ಎನ್ನುತ್ತಾರೆ ಹಿರಿಯರು. 2008ರ ಬೀಜಿಂಗ್‌ನಲ್ಲಿ ಪುರುಷರಿಗೆ 11 ತೂಕ ವಿಭಾಗಗಳಿದ್ದವು. 2024ರ ಪ್ಯಾರಿಸ್‌ನಲ್ಲಿ ಉಳಿದದ್ದು ಏಳು. ಒಂದು ತೂಕಕ್ಕೆ ದೇಶದಿಂದ ಒಬ್ಬನೇ. ಹರಿಯಾಣದವರನ್ನೂ ಸೇನೆಯವರನ್ನೂ ಸೋಲಿಸಿ ಆ ಒಬ್ಬನಾಗಬೇಕು. ಪ್ಯಾರಿಸ್‌ಗೆ ಭಾರತದಿಂದ ಹೋದ ಪುರುಷ ಬಾಕ್ಸರ್‌ಗಳು ಇಬ್ಬರೇ. ಅವರಲ್ಲಿ ನಿಶಾಂತ್ ದೇವ್ ಕ್ವಾರ್ಟರ್‌ಫೈನಲ್‌ನಲ್ಲಿ ಸೋತು, 2025ರ ಜನವರಿಯಲ್ಲಿ ವೃತ್ತಿಪರರಾದರು.

ಆಟದ ಸ್ವಭಾವವೂ ಮುಖ್ಯ. ಹವ್ಯಾಸಿ ಪಂದ್ಯ ಮೂರು ಸುತ್ತಿನಲ್ಲಿ ಮುಗಿದುಹೋಗುತ್ತದೆ. ನಿಧಾನವಾಗಿ ಕಾವೇರುವವನಿಗೆ, ಪಕ್ಕೆಗೆ ಹೊಡೆದು ಹೊಡೆದು ಎದುರಾಳಿಯ ಉಸಿರು ಕುಗ್ಗಿಸುವವನಿಗೆ ಅಲ್ಲಿ ಸಮಯವೇ ಸಿಗುವುದಿಲ್ಲ. ಅವನ ಬಾಕ್ಸಿಂಗ್ ಶುರುವಾಗುವುದೇ ಐದನೇ ಸುತ್ತಿನಲ್ಲಿ, ಅಷ್ಟು ಸುತ್ತು ಸಿಗುವುದು ವೃತ್ತಿಪರ ರಿಂಗ್‌ನಲ್ಲಿ.

ಹೋದವನಿಗೆ ಹಿಂದಿರುಗುವ ದಾರಿಯೂ ಇದೆ. 2016ರ ರಿಯೊದಿಂದ ಒಲಿಂಪಿಕ್ಸ್ ವೃತ್ತಿಪರರಿಗೂ ತೆರೆದಿದೆ. ವಿಕಾಸ್ ಕೃಷನ್ ಅಮೆರಿಕದಲ್ಲಿ ವೃತ್ತಿಪರ ಪಂದ್ಯ ಆಡಿ ಬಂದೇ ಟೋಕಿಯೊಗೆ ಹೋದರು.

ವಿರೋಧ: ಈಗಲೇ ಬೇಡ

ವಿಕಾಸ್ ಅವರ ಹೆಸರು ಹೇಳುವವರು ಪೂರ್ತಿ ಹೇಳಬೇಕು. ಅವರು 2010ರ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದವರು, ಹರಿಯಾಣ ಪೊಲೀಸ್‌ನಲ್ಲಿ ಡಿಎಸ್‌ಪಿ. ವಿಜೇಂದರ್ ಸಿಂಗ್ ಕೂಡ ಅಲ್ಲಿ ಡಿಎಸ್‌ಪಿ ಆಗಿದ್ದವರೇ. ಬೀಜಿಂಗ್‌ನ ಕಂಚು ಗೆದ್ದು, 2015ರಲ್ಲಿ ಬ್ರಿಟಿಷ್ ಪ್ರೊಮೋಟರ್ (ಪಂದ್ಯ ಏರ್ಪಡಿಸಿ ಟಿಕೆಟ್ ಮಾರುವವರು) ಜೊತೆ ಒಪ್ಪಂದ ಮಾಡಿಕೊಂಡು ಮ್ಯಾಂಚೆಸ್ಟರ್‌ನಲ್ಲಿ ಮೊದಲ ಪಂದ್ಯ ಆಡಿದರು. ನಮ್ಮ ಹುಡುಗನಿಗೆ ಪದಕವೂ ಇಲ್ಲ, ಹುದ್ದೆಯೂ ಇಲ್ಲ, ಪ್ರೊಮೋಟರೂ ಇಲ್ಲ.

ಇದರಿಂದ ಏನಾಗುತ್ತದೆ? ಹವ್ಯಾಸಿ ಕೂಟದಲ್ಲಿ ಎದುರಾಳಿ ಯಾರೆಂದು ಚೀಟಿ ಎತ್ತಿ ನಿರ್ಧರಿಸುತ್ತಾರೆ. ವೃತ್ತಿಪರ ರಿಂಗ್‌ನಲ್ಲಿ ಎದುರಾಳಿಯನ್ನು ಆರಿಸುತ್ತಾರೆ. ಟಿಕೆಟ್ ಮಾರುವ ಹೆಸರಿದ್ದವನಿಗೆ ಗೆಲ್ಲಬಹುದಾದ ಪಂದ್ಯಗಳನ್ನು ಹುಡುಕಿ, ಸೋಲಿಲ್ಲದ ದಾಖಲೆಯನ್ನು ಕಟ್ಟಿಕೊಡುತ್ತಾರೆ. ಆ ದಾಖಲೆಯ ಇನ್ನೊಂದು ಬದಿಯಲ್ಲಿ ಯಾರೋ ಸೋಲಲೇಬೇಕಲ್ಲ? ಅವನಿಗೆ ಪಂದ್ಯಕ್ಕೆ ಕೆಲವೇ ದಿನ ಮುಂಚೆ ಫೋನ್ ಬರುತ್ತದೆ, ತೂಕ ಇಳಿಸಲು ಸಮಯವಿಲ್ಲ, ಪರ ಊರು. ಬೆನ್ನಿಗೆ ಯಾರೂ ಇಲ್ಲದ ಕೆಜಿಎಫ್ ಹುಡುಗನಿಗೆ ಸಿಗುವುದು ಬಹುಪಾಲು ಈ ಪಾತ್ರವೇ. ಅಂಥ ನಾಲ್ಕು ಸೋಲು ಹೆಸರಿನ ಮುಂದೆ ಬಂದರೆ ಐದನೆಯ ಕರೆ ಬರುವುದೂ ಸೋಲಿಗಾಗಿಯೇ.

ವೃತ್ತಿಪರ ರಿಂಗ್‌ನಲ್ಲಿ ಹೆಡ್‌ಗಾರ್ಡ್ (ತಲೆಗೆ ತೊಡುವ ರಕ್ಷಾಕವಚ) ಇಲ್ಲ ಎಂದು ಹೆದರಿಸುವುದು ಸುಳ್ಳು ವಾದ. 2013ರಿಂದ ಹವ್ಯಾಸಿ ಹಿರಿಯ ಪುರುಷರೂ ಅದನ್ನು ಧರಿಸುವುದಿಲ್ಲ. ಅಪಾಯ ಇರುವುದು ಸುತ್ತುಗಳ ಸಂಖ್ಯೆಯಲ್ಲಿ. 1982ರಲ್ಲಿ ಕೊರಿಯಾದ ಕಿಮ್ ಡುಕ್-ಕೂ 14ನೇ ಸುತ್ತಿನಲ್ಲಿ ಬಿದ್ದು ಕೆಲ ದಿನಗಳಲ್ಲಿ ತೀರಿಕೊಂಡರು. ಆಮೇಲೆಯೇ ಪ್ರಶಸ್ತಿ ಪಂದ್ಯಗಳು 15 ಸುತ್ತಿನಿಂದ 12ಕ್ಕೆ ಇಳಿದವು. ಸಣ್ಣ ಪಂದ್ಯಗಳಲ್ಲಿ ರಿಂಗ್ ಪಕ್ಕ ವೈದ್ಯರಿದ್ದಾರೆಯೇ, ಸ್ಕ್ಯಾನ್‌ಗೆ ಹಣ ಕೊಡುವವರು ಯಾರು ಎಂಬುದನ್ನು ಒಪ್ಪಂದದಲ್ಲಿ ಓದಿ ಸಹಿ ಹಾಕುವ ಹುಡುಗರು ಎಷ್ಟು ಜನ?

ಇನ್ನೊಂದು ಲೆಕ್ಕವಿದೆ. ರೈಲ್ವೆಯ ಕ್ರೀಡಾ ಕೋಟಾಕ್ಕೆ ವಯೋಮಿತಿ 25. ಅಲ್ಲಿ ನೋಡುವುದು ಮಾನ್ಯತೆ ಪಡೆದ ಹವ್ಯಾಸಿ ಕೂಟಗಳ ಸಾಧನೆಯನ್ನು. ನಮ್ಮ ಹುಡುಗನಿಗೆ ಇನ್ನು ಎರಡು ವರ್ಷ ಉಳಿದಿದೆ. ಮೊದಲು ಒಂದು ರಾಷ್ಟ್ರೀಯ ಪದಕ, ಆ ಅರ್ಜಿ, ತಿಂಗಳ ಸಂಬಳ. ರಿಂಗ್ ಎಲ್ಲಿಗೂ ಓಡಿಹೋಗುವುದಿಲ್ಲ. ವೃತ್ತಿಪರರಾಗಿ ಮೊದಲ ಪಂದ್ಯ ಆಡಿದಾಗ ವಿಜೇಂದರ್‌ಗೆ 29 ವರ್ಷ.