ಬಯಲಾಟದ ಸುದ್ದಿ ಮೂರು ಸಲ ಬಂತು, ಬಜೆಟ್ ಸಭೆಯದು ಬರಲೇ ಇಲ್ಲ

ಕಳೆದ ವರ್ಷ ಫೆಬ್ರವರಿಯ ಒಂದು ದಿನ ನಮ್ಮೂರಲ್ಲಿ ಎರಡು ಕಾರ್ಯಕ್ರಮ ಇತ್ತು. ರಾತ್ರಿ ಶಾಲೆ ಮೈದಾನದಲ್ಲಿ ಯಕ್ಷಗಾನ ಬಯಲಾಟ. ಬೆಳಿಗ್ಗೆ 11 ಗಂಟೆಗೆ ನಗರಸಭೆಯಲ್ಲಿ, ಬಜೆಟ್ ಮಾಡುವ ಮೊದಲು ಜನರ ಸಲಹೆ ಕೇಳುವ ಸಭೆ.

ಬಯಲಾಟದ ಸುದ್ದಿ ನನಗೆ ಮೂರು ಸಲ ಬಂತು. ಹದಿನೈದು ದಿನ ಮೊದಲೇ ಮನೆಗೆ ಆಮಂತ್ರಣ ಪತ್ರಿಕೆ ತಂದು ಕೊಟ್ಟರು. ಹಿಂದಿನ ದಿನ ಮೈಕ್ ಕಟ್ಟಿದ ರಿಕ್ಷಾ ನಮ್ಮ ಓಣಿಯ ತುದಿಯವರೆಗೂ ಬಂದು ಹೋಯಿತು. ಅವತ್ತು ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಯಾರದು ಯಾವ ವೇಷ ಎಂಬ ಪಟ್ಟಿಯೂ ಬಂತು. ಬಜೆಟ್ ಸಭೆ ನಡೆದದ್ದು ಗೊತ್ತಾದದ್ದು ಮರುದಿನ, ಪೇಪರಿನ ಒಳಪುಟದಲ್ಲಿ. ನಾಲ್ಕು ಸಾಲಿನ ಸುದ್ದಿ. ಜನ ತುಂಬಾ ಕಡಿಮೆ ಇದ್ದರು ಎಂದು ಬರೆದಿದ್ದರು.

ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಕಾರವಾರದಿಂದ ಉಳ್ಳಾಲದವರೆಗೆ ಯಾವ ಊರಿನವರು ಓದಿದರೂ ಅವರ ಊರಿನ ಕಥೆಯೇ ಅನ್ನಿಸಬಹುದು.

ಏಪ್ರಿಲ್‌ನಲ್ಲಿ ನಮ್ಮ ಮನೆಗೆ ಮೀನು ತರುವ ಅಕ್ಕ ಬುಟ್ಟಿ ಇಳಿಸಿ ಕೂತರು. ಮುಖ ಸಪ್ಪಗಿತ್ತು. ಮೀನು ಮಾರುಕಟ್ಟೆಯ ಸುಂಕ ಜಾಸ್ತಿಯಾಗಿದೆ ಎಂದರು. ಫೆಬ್ರವರಿಯಲ್ಲಿ ಸಭೆ ಕರೆದಿದ್ದರಂತೆ, ಅಲ್ಲಿ ಹೇಳಬಹುದಿತ್ತು ಎಂದು ನಾನು ಬಾಯಿಬಿಟ್ಟೆ. "ಯಾವ ಸಭೆ ಮಾರಾಯ್ರೆ? ನಮಗೆ ಯಾರು ಹೇಳಿದ್ದು? ಹನ್ನೊಂದು ಗಂಟೆಗೆ ನಾನು ಮಾರ್ಕೆಟಲ್ಲಿ ಇರುವುದಲ್ವಾ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆಯೇ ಈ ಬರಹಕ್ಕೆ ಕಾರಣ.

ಬೆಳಗಿನ ಹನ್ನೊಂದು ಗಂಟೆ ಯಾರಿಗೆ ಅನುಕೂಲ? ಮೀನು ಮಾರುವವರು ಆಗ ಮಾರುಕಟ್ಟೆಯಲ್ಲಿ. ಬೋಟಿನವರು ಕಡಲಲ್ಲಿ. ಅಂಗಡಿಯವರು ಗಲ್ಲಾದಲ್ಲಿ, ಟೀಚರ್‌ಗಳು ಕ್ಲಾಸಿನಲ್ಲಿ. ಸುಂಕ, ನೀರಿನ ದರ, ಕಸದ ಶುಲ್ಕ ಕಟ್ಟುವವರೆಲ್ಲ ಹೊರಗೇ ಉಳಿಯುವ ಹೊತ್ತು ಅದು.

ಇದಾದ ಮೇಲೆ ಒಂದು ತಿಂಗಳ ಸಾಮಾನ್ಯ ಸಭೆಗೆ ನಾನೇ ಹೋದೆ. ಮೊದಲ ಸಲ. ನಗರಸಭೆಯ ಸಾಮಾನ್ಯ ಸಭೆ ಯಾರು ಬೇಕಾದರೂ ಹೋಗಿ ನೋಡಬಹುದಾದದ್ದು. ನಡುವೆ ಎದ್ದು ಮಾತಾಡುವ ಹಾಗಿಲ್ಲ, ಕೂತು ಕೇಳಬಹುದು. ಬಾಗಿಲಲ್ಲಿದ್ದ ಸಿಬ್ಬಂದಿ "ಯಾರನ್ನು ನೋಡಬೇಕಿತ್ತು?" ಎಂದು ಕೇಳಿದರು. ಸಭೆ ನೋಡಬೇಕಿತ್ತು ಅಂದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, ಆಮೇಲೆ ಬಹಳ ಪ್ರೀತಿಯಿಂದ ಕುರ್ಚಿ ತಂದು ಹಾಕಿದರು. ಹಿಂದಿನ ಸಾಲಿನಲ್ಲಿ ಇದ್ದದ್ದು ಪತ್ರಕರ್ತರು ನಾಲ್ಕು ಜನ, ಮತ್ತೆ ನಾನು.

ಅಜೆಂಡಾದಲ್ಲಿ ನಲವತ್ತಕ್ಕೂ ಜಾಸ್ತಿ ವಿಷಯ ಇತ್ತು. ಸಂಖ್ಯೆ ಓದುತ್ತಾರೆ, ಒಪ್ಪಿಗೆ ಎನ್ನುತ್ತಾರೆ, ಮುಂದಿನದು. ಅವತ್ತು ನಾನು ಕಲಿತ ಹೊಸ ಶಬ್ದ 'ಘಟನೋತ್ತರ ಅನುಮೋದನೆ'. ಕೆಲಸ ಆಗಿ ಮುಗಿದಿದೆ, ಈಗ ಒಪ್ಪಿಗೆ ಕೊಡಿ ಎಂದು ಅರ್ಥ. ಮಳೆಗಾಲದ ತುರ್ತು ಕೆಲಸಕ್ಕೆ ಅದು ಬೇಕೇ ಬೇಕು, ಅದನ್ನು ಒಪ್ಪುತ್ತೇನೆ. ಮಳೆನೀರು ಹರಿಯುವ ತೋಡು ಕಟ್ಟಿಕೊಂಡು ಮನೆಗೆ ನೀರು ನುಗ್ಗುವಾಗ ಸಭೆ ಸೇರುವವರೆಗೆ ಕಾಯಲು ಆಗುವುದಿಲ್ಲ. ಆದರೆ ಆ ಪಟ್ಟಿಯಲ್ಲಿ ನಮ್ಮ ವಾರ್ಡಿನ ತೋಡಿನ ಹೂಳೆತ್ತಿದ್ದೂ ಇತ್ತು. ದಿನಾ ಆ ತೋಡಿನ ಬದಿಯಲ್ಲೇ ನಡೆಯುವವನು ನಾನು. ಎಷ್ಟು ಉದ್ದ ತೆಗೆದರು, ಹೂಳು ಎಲ್ಲಿಗೆ ಸಾಗಿಸಿದರು ಎಂದು ಯಾರಾದರೂ ಕೇಳಿದ್ದರೆ ಹೇಳಬಹುದಿತ್ತು. ತೋಡಿನ ಬದಿಯ ನಲವತ್ತು ಮನೆಯಲ್ಲಿ ಯಾರಿಗೂ ಅದು ಚರ್ಚೆಗೆ ಬರುತ್ತದೆ ಎಂಬ ಸುದ್ದಿಯೇ ಇರಲಿಲ್ಲ.

ಇನ್ನೊಂದು ದೃಶ್ಯವನ್ನೂ ಹೇಳಲೇಬೇಕು. ಪಕ್ಕದ ವಾರ್ಡಿನ ಸದಸ್ಯೆಯೊಬ್ಬರು ಎದ್ದು ನಿಂತು ಒಂದು ಓಣಿಯ ದಾರಿದೀಪಕ್ಕಾಗಿ ಇಪ್ಪತ್ತು ನಿಮಿಷ ವಾದ ಮಾಡಿದರು. ಹೆಣ್ಣುಮಕ್ಕಳು ಟ್ಯೂಷನ್ ಮುಗಿಸಿ ಕತ್ತಲಲ್ಲಿ ಬರುತ್ತಾರೆ, ನಾಳೆ ಏನಾದರೂ ಆದರೆ ಯಾರು ಹೊಣೆ ಎಂದು ಕೇಳಿದರು. ಕೂರಿ ಅಂದರೂ ಕೂರಲಿಲ್ಲ. ಕೊನೆಗೆ ದೀಪ ಮಂಜೂರಾಯಿತು. ವಾರ ಬಿಟ್ಟು ಆ ಓಣಿಯವರಲ್ಲಿ ವಿಚಾರಿಸಿದೆ. ಅವರ ಸದಸ್ಯೆ ಅಷ್ಟು ಹೋರಾಡಿದ್ದು ಒಬ್ಬರಿಗೂ ತಿಳಿದಿರಲಿಲ್ಲ. "ನಮ್ಮ ಮೆಂಬರ್ರು ಎಂಥ ಮಾಡುವುದಿಲ್ಲ" ಎಂದೇ ಅವರ ಮಾತು. ನನಗೆ ನಿಜಕ್ಕೂ ಬೇಸರವಾಯಿತು. ಸುದ್ದಿ ತಲುಪದಿದ್ದರೆ ಒಳ್ಳೆಯ ಕೆಲಸ ಮಾಡುವವರಿಗೂ ನಷ್ಟ ಅಲ್ವಾ?

ನಾನು ಹದಿಮೂರು ವರ್ಷ ನಮ್ಮ ಗಣೇಶೋತ್ಸವ ಸಮಿತಿಯ ಲೆಕ್ಕ ನೋಡಿದವನು. ಹಬ್ಬ ಮುಗಿದು ತಿಂಗಳೊಳಗೆ ಮಹಾಸಭೆ ಆಗಬೇಕು. ಚಂದಾ ಎಷ್ಟು ಬಂತು, ಶಾಮಿಯಾನಕ್ಕೆ ಎಷ್ಟು, ಅನ್ನಸಂತರ್ಪಣೆಯ ಅಕ್ಕಿ ಎಷ್ಟು, ಉಳಿದದ್ದು ಎಲ್ಲಿದೆ, ಎಲ್ಲವನ್ನೂ ಗಟ್ಟಿಯಾಗಿ ಓದಬೇಕು. ಒಮ್ಮೆ ಹೂವಿನ ಬಿಲ್ ಒಂದು ಕಾಣೆಯಾಗಿ ಅರ್ಧ ಗಂಟೆ ನಿಂತೇ ಉತ್ತರ ಕೊಟ್ಟಿದ್ದೇನೆ. ಕೇಳಿದವರು ಬೀಡಿ ಕಟ್ಟುವ ಹಿರಿಯ ಅಮ್ಮ. ಅವರು ಕೊಟ್ಟ ಚಂದಾ ಚಿಕ್ಕದು, ಆದರೆ ಕೇಳುವ ಹಕ್ಕು ಎಲ್ಲರಷ್ಟೇ ಇತ್ತು. ಊರಿನ ಶಾರದೋತ್ಸವ, ಭಜನಾ ಮಂದಿರ, ಚರ್ಚಿನ ವಾರ್ಷಿಕ ಹಬ್ಬ, ಮಸೀದಿಯ ಜಮಾತ್, ಎಲ್ಲ ಕಡೆಯೂ ಜನ ಸೇರಿ ಲೆಕ್ಕ ಕೇಳುವ ರೂಢಿ ಇದೆ. ಲೆಕ್ಕ ಕೇಳಲು ನಮ್ಮ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ಅದೇ ಜನರಿಗೆ ತಮ್ಮ ವಾರ್ಡಿಗೆ ವರ್ಷಕ್ಕೆ ಎಷ್ಟು ಹಣ ಬಂತು, ಯಾವುದಕ್ಕೆ ಹೋಯಿತು ಎಂದು ಮಾತ್ರ ಗೊತ್ತಿಲ್ಲ.

ಹಳ್ಳಿಯವರಿಗೆ ಗ್ರಾಮಸಭೆ ಇದೆ. ಕಾನೂನಿನ ಪ್ರಕಾರವೇ ನಡೆಯಬೇಕು, ಫಲಾನುಭವಿಗಳ ಪಟ್ಟಿ ಜನರ ಮುಂದೆ ಓದಬೇಕು. ಗಲಾಟೆ ಆಗುತ್ತದೆ, ಕೆಲವು ಸಲ ಕೋರಂ ಇಲ್ಲದೆ ಮುಂದೆ ಹೋಗುತ್ತದೆ, ಆದರೂ ಎದ್ದು ನಿಂತು ಮಾತಾಡಲು ಒಂದು ಜಾಗ ಉಂಟು. ಊರು ಬೆಳೆದು ಪಟ್ಟಣವಾದ ದಿನ ಆ ಜಾಗ ಹೋಗುತ್ತದೆ. ಬೈಂದೂರು, ಸೋಮೇಶ್ವರ ತೀರಾ ಈಚಿನವರೆಗೆ ಗ್ರಾಮ ಪಂಚಾಯಿತಿಗಳಾಗಿದ್ದವು. ಈಗ ಬೈಂದೂರು ಪಟ್ಟಣ ಪಂಚಾಯಿತಿ, ಸೋಮೇಶ್ವರ ಪುರಸಭೆ. ನಗರಗಳ ಸ್ಥಳೀಯ ಆಡಳಿತದ ಬಗ್ಗೆ ಸಂವಿಧಾನಕ್ಕೆ 74ನೇ ತಿದ್ದುಪಡಿ ಬಂದದ್ದು 1992ರಲ್ಲಿ. ಅದರ 243ಎಸ್ ವಿಧಿ, ವಾರ್ಡಿನ ಮಟ್ಟದಲ್ಲೇ ಕೆಲಸ ನೋಡುವ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ನಗರಗಳಿಗೆ. ಮಂಗಳೂರು ಆ ಲೆಕ್ಕಕ್ಕೆ ಸೇರುತ್ತದೆ. ಕಾರವಾರ, ಕುಂದಾಪುರ, ಭಟ್ಕಳ, ಉಡುಪಿ ಸೇರುವುದಿಲ್ಲ. ಹಳ್ಳಿಯವರ ಗ್ರಾಮಸಭೆಯೂ ಇಲ್ಲ, ದೊಡ್ಡ ನಗರದವರ ವಾರ್ಡ್ ಸಮಿತಿಯೂ ಇಲ್ಲ. ನಾವು ನಡುವೆ ಇದ್ದೇವೆ.

ಅದರ ಮೇಲೆ ನಗರಸಭೆಗೇ ಅಧ್ಯಕ್ಷರಿಲ್ಲದ ವರ್ಷಗಳನ್ನೂ ನೋಡಿದೆವು. 2018ರ ಆಗಸ್ಟ್ ಕೊನೆಗೆ ರಾಜ್ಯದ ಎಷ್ಟೋ ಊರುಗಳಲ್ಲಿ ಚುನಾವಣೆ ಆಯಿತು. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿಯ ವಿವಾದ ಕೋರ್ಟಿಗೆ ಹೋಯಿತು. ಗೆದ್ದವರು ಎರಡು ವರ್ಷಕ್ಕೂ ಜಾಸ್ತಿ ಕಾಲ ಕುರ್ಚಿ ಹತ್ತಲಿಲ್ಲ. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ನೆರೆ ಬಂದು ಕಲ್ಸಂಕದ ಸುತ್ತಮುತ್ತ ಮನೆಗಳಿಗೆ ನೀರು ನುಗ್ಗಿದ್ದು ನೆನಪಿದೆಯಾ? ಅವತ್ತು ಅಲ್ಲಿ ಜನ ಆರಿಸಿದ 35 ಸದಸ್ಯರಿದ್ದರು, ಅಧ್ಯಕ್ಷರಿರಲಿಲ್ಲ. ಅಧ್ಯಕ್ಷರ ಆಯ್ಕೆ ಆದದ್ದು ಮುಂದಿನ ತಿಂಗಳು. ಅಧ್ಯಕ್ಷರ ಮೊದಲ 30 ತಿಂಗಳ ಅವಧಿ 2023ರಲ್ಲಿ ಮುಗಿದಾಗ ಮತ್ತೆ ಅದೇ ಕಥೆ. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬರುವಾಗ 2024ರ ಆಗಸ್ಟ್. ನಡುವೆ ಇದ್ದದ್ದು ಸರ್ಕಾರ ನೇಮಿಸಿದ ಆಡಳಿತಾಧಿಕಾರಿ. ಅಧಿಕಾರಿಗಳು ಕೆಲಸ ಮಾಡಲಿಲ್ಲ ಎನ್ನುತ್ತಿಲ್ಲ. ಆದರೆ ಅವರ ಮನೆ ನಮ್ಮ ಓಣಿಯಲ್ಲಿ ಇರುವುದಿಲ್ಲ, ಗೇಟಿನ ಹತ್ತಿರ ನಿಂತು ಕೇಳಲು ಆಗುವುದಿಲ್ಲ.

ಸಣ್ಣ ಊರಿನ ಆಡಳಿತ ಅಂದರೆ ಚರಂಡಿ, ದೀಪ ಅಷ್ಟೇ ತಾನೇ ಎಂದು ಕೆಲವರು ಸುಮ್ನೆ ಬಿಟ್ಟುಬಿಡುತ್ತಾರೆ. ಅವರಿಗೆ ನಾನು ಉಡುಪಿಯದೇ ಹಳೆಯ ಮಾತು ಹೇಳುತ್ತೇನೆ. 1968ರಲ್ಲಿ ಜನಸಂಘದ ಡಾ. ವಿ.ಎಸ್. ಆಚಾರ್ಯ, ಮುಂದೆ ರಾಜ್ಯದ ಸಚಿವರೂ ಆದವರು, ಅಲ್ಲಿನ ಪುರಸಭೆಯ ಅಧ್ಯಕ್ಷರಾದರು. ವಯಸ್ಸು ಮೂವತ್ತೂ ಆಗಿರಲಿಲ್ಲ. ಅವರ ಅವಧಿಯಲ್ಲಿ ಆ ಊರು ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿತು. ದೇಶಕ್ಕೆ ಅದರ ಬಗ್ಗೆ ಕಾನೂನು ಬಂದದ್ದು 1993ರಲ್ಲಿ. ಒಂದು ಪುಟ್ಟ ಕರಾವಳಿ ಪಟ್ಟಣದ ಪುರಸಭೆ ಅಷ್ಟು ಮೊದಲೇ ಆ ಹೆಜ್ಜೆ ಇಟ್ಟಿತು. ಯಾವ ಪಕ್ಷದವರಾದರೂ ಇದನ್ನು ಹೆಮ್ಮೆಯಿಂದ ಹೇಳಬಹುದು.

ಈಗ ಸುದ್ದಿಯ ವಿಷಯಕ್ಕೇ ಬರುತ್ತೇನೆ. ವಾಟ್ಸ್‌ಆ್ಯಪ್ ಇದೆಯಲ್ಲ ಎನ್ನುತ್ತೀರಿ. ಇದೆ. ಈ ಏಪ್ರಿಲ್‌ನಲ್ಲಿ ನಮ್ಮ ಗುಂಪಿಗೆ "ನಾಳೆಯಿಂದ ಮೂರು ದಿನ ನೀರು ಇಲ್ಲ" ಎಂಬ ಮೆಸೇಜ್ ಬಂತು. ಓಣಿಯಲ್ಲಿ ಎಲ್ಲರೂ ಡ್ರಮ್, ಕೊಡಪಾನ ತುಂಬಿಸಿಟ್ಟರು. ವಯಸ್ಸಾದ ಒಬ್ಬರು ಬಾವಿಯಿಂದ ಸೇದಿ ಸೇದಿ ಸೊಂಟ ಹಿಡಿದುಕೊಂಡು ಮಲಗಿದರು. ಆಮೇಲೆ ನೋಡಿದರೆ ಅದು ಎರಡು ವರ್ಷದ ಹಿಂದಿನ ಮೆಸೇಜ್. ತಾರೀಕು ಇರಲಿಲ್ಲ, ಯಾರು ಹೊರಡಿಸಿದ್ದು ಎಂದೂ ಇರಲಿಲ್ಲ. ನಿಜವಾದ ಪ್ರಕಟಣೆ ಸರಿಯಾಗಿ ಬರುತ್ತಿದ್ದರೆ ಸುಳ್ಳು ಮೆಸೇಜಿಗೆ ಇಷ್ಟು ಬೆಲೆ ಬರುತ್ತಿರಲಿಲ್ಲ.

ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. ಅರ್ಜಿ ಹಾಕಿ ಕೇಳುವುದು ಮಾತ್ರ ಅದರಲ್ಲಿದೆ ಎಂದು ತುಂಬಾ ಜನ ತಿಳಿದಿದ್ದಾರೆ. ಅದರ 4ನೇ ಸೆಕ್ಷನ್ ಓದಿ ನೋಡಿ. ಯಾರೂ ಕೇಳುವ ಮೊದಲೇ ಕಚೇರಿಯವರು ಬಜೆಟ್, ಖರ್ಚು, ಕೆಲಸದ ವಿವರ ಜನರ ಮುಂದೆ ಇಡಬೇಕು ಎಂದಿದೆ. ನೋಟಿಸ್ ಬೋರ್ಡು, ಪತ್ರಿಕೆ, ಸಾರ್ವಜನಿಕ ಪ್ರಕಟಣೆಯ ಮೂಲಕ ತಿಳಿಸಬಹುದು ಎಂದೂ ಇದೆ. ಮೈಕ್ ಕಟ್ಟಿದ ರಿಕ್ಷಾವೂ ಇದಕ್ಕೆ ಧಾರಾಳವಾಗಿ ಸೇರುತ್ತದೆ ಎಂಬುದು ನನ್ನ ವಾದ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಉಂಟು ಎಂದು ಅದೇ ರಿಕ್ಷಾದಲ್ಲಿ ಕೂಗಿ ಹೇಳುವುದನ್ನು ಕೇಳಿದ್ದೇನೆ. ತೆರಿಗೆ ಕಟ್ಟಿ ಎಂದು ಹೇಳಲು ಬರುವ ರಿಕ್ಷಾ, ಆ ತೆರಿಗೆಯನ್ನು ಹೇಗೆ ಖರ್ಚು ಮಾಡೋಣ ಎಂದು ಕೇಳುವ ಸಭೆಗೂ ಕರೆಯಲಿ.

ಸಾಮಾನ್ಯ ಸಭೆಯ ವಾರ ಮೊದಲು, ಆ ವಾರ್ಡಿಗೆ ಸಂಬಂಧಪಟ್ಟ ವಿಷಯ ಮಾತ್ರ ಬರೆದ ಒಂದು ಹಾಳೆ ರೇಷನ್ ಅಂಗಡಿಗೆ, ಹಾಲಿನ ಬೂತಿಗೆ, ಮೀನು ಮಾರುಕಟ್ಟೆಗೆ, ಬಂದರಿನ ಗೇಟಿಗೆ ಬರಲಿ. ತಾರೀಕು, ಸೀಲು ಇರಲಿ. ಸರಳ ಕನ್ನಡ ಇರಲಿ, 'ಕ್ರಿಯಾಯೋಜನೆ' ಎಂದು ಬರೆದು ಬಿಡಬೇಡಿ, ಯಾವ ಓಣಿಗೆ ಏನು ಕೆಲಸ ಎಂದು ಬರೆಯಿರಿ. ಸಲಹೆ ಕೇಳುವ ಸಭೆ ಸಂಜೆ ಐದಕ್ಕೆ ಇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ರಜೆ. ಕಡಲಿಗೆ ಹೋಗುವ ಗಂಡಸರು ಊರಲ್ಲೇ ಇರುವ 61 ದಿನ ಅದು. ಬಲೆ ಹೆಣೆಯುವ ಶೆಡ್ಡಿನಲ್ಲೇ ಒಂದು ವಾರ್ಡ್ ಸಭೆ ಮಾಡಬಹುದು. ಮಳೆ ಹೊಯ್ಯುತ್ತಿರುತ್ತದೆ, ತೋಡು ಎಲ್ಲಿ ಕಟ್ಟಿದೆ ಎಂದು ಕೈ ಮಾಡಿಯೇ ತೋರಿಸಬಹುದು. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ, ಬೀದಿ ವ್ಯಾಪಾರದ ವಿಷಯ ನೋಡುವ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ 40 ಸ್ಥಾನ ಕೊಟ್ಟಿದೆ. ಆ ಸ್ಥಾನದಲ್ಲಿ ಕೂರಬೇಕಾದವರಿಗೆ ಅದು ಗೊತ್ತಿದೆಯಾ? ನಮ್ಮ ಮೀನು ಅಕ್ಕನಿಗೆ ಗೊತ್ತಿರಲಿಲ್ಲ.

ನಾವು ಕಾರ್ಯಕ್ರಮ ಮಾಡುವವರೂ ಒಂದು ಕೆಲಸ ಮಾಡಬಹುದು. ಪ್ರತಿ ಉತ್ಸವದ ವೇದಿಕೆಯಲ್ಲಿ ವಾರ್ಡಿನ ಸದಸ್ಯರನ್ನು ಕೂರಿಸಿ, ಶಾಲು ಹೊದೆಸಿ, ಎರಡು ಮಾತು ಆಡಿ ಎನ್ನುತ್ತೇವೆ. ಅವರು ಸಮಿತಿಗೆ ಶುಭ ಕೋರಿ ಕೂರುತ್ತಾರೆ. ಅಷ್ಟು ಜನ ಒಟ್ಟಿಗೆ ಕೂತಿರುವ ಹೊತ್ತು ಬೇರೆ ಯಾವಾಗ ಸಿಗುತ್ತದೆ? ಹತ್ತು ನಿಮಿಷ ಕೊಟ್ಟು, ಈ ವರ್ಷ ವಾರ್ಡಿನಲ್ಲಿ ಆದ ಕೆಲಸ, ಆಗದ ಕೆಲಸ, ಖರ್ಚು ಓದಿ ಹೇಳಿ ಎಂದು ಕೇಳೋಣ. ದಾರಿದೀಪಕ್ಕೆ ಹೋರಾಡಿದ ಆ ಸದಸ್ಯೆಗೆ ಅದಕ್ಕಿಂತ ಒಳ್ಳೆಯ ಸನ್ಮಾನ ಇಲ್ಲ.

ನಮ್ಮ ಸಮಿತಿಯ ಮಹಾಸಭೆಯಲ್ಲಿ ಇದನ್ನು ಇಟ್ಟೆ. ಇಬ್ಬರು ಹಿರಿಯರು ಉತ್ಸವಕ್ಕೆ ರಾಜಕೀಯ ಬೇಡ ಎಂದರು. ಅವರ ಭಯ ನನಗೆ ಅರ್ಥವಾಗುತ್ತದೆ. ತುಂಬಾ ಹೊತ್ತು ಚರ್ಚೆ ಆಯಿತು. ಉತ್ಸವದ ವೇದಿಕೆಯಲ್ಲಿ ಬೇಡ, ನಮ್ಮ ಲೆಕ್ಕ ಓದಿದ ಮೇಲೆ ಮಹಾಸಭೆಯಲ್ಲೇ ವಾರ್ಡಿನ ಲೆಕ್ಕವನ್ನೂ ಓದಿಸೋಣ ಎಂದು ತೀರ್ಮಾನವಾಯಿತು. ಸದಸ್ಯರಿಗೆ ಪತ್ರ ಕೊಟ್ಟಿದ್ದೇವೆ, ಬರುತ್ತೇನೆ ಎಂದಿದ್ದಾರೆ.

ಮುಂದಿನ ಸಾಮಾನ್ಯ ಸಭೆಗೆ ನಾನು ಮತ್ತು ಓಣಿಯ ಮೂವರು ಹೋಗುತ್ತಿದ್ದೇವೆ. ಮೀನು ಅಕ್ಕನೂ ಬರುತ್ತಾರೆ, ಅವತ್ತಿನ ಬುಟ್ಟಿಯನ್ನು ತಂಗಿ ನೋಡಿಕೊಳ್ಳುತ್ತಾಳಂತೆ. ಅಜೆಂಡಾ ಕೈಗೆ ಸಿಕ್ಕಿದ ಕೂಡಲೇ ಫೋಟೊ ತೆಗೆದು ಇಲ್ಲೇ ಹಾಕುತ್ತೇನೆ. ನಿಮ್ಮ ಓಣಿಯ ಹೆಸರು ಅದರಲ್ಲಿ ಇದೆಯಾ ನೋಡಿ.