ಡಬ್ಬ ಇದೆಯಾ ಸಾರ್?

ಬೆಳಿಗ್ಗೆ ಆರೂವರೆ. ಒಲೆ ಮೇಲೆ ಹಾಲಿಟ್ಟು, ಫಿಲ್ಟರಿನ ತಲೆಗೆ ಎರಡೇಟು ಕೊಟ್ಟು, ಡಿಕಾಕ್ಷನ್ ಇಳಿಯಲಿ ಅಂತ ಕಾಯುತ್ತಿದ್ದೆ. ಫೋನು ಬಂತು. ಗೊತ್ತಿಲ್ಲದ ನಂಬರು. ಆ ಹೊತ್ತಿಗೆ ಫೋನು ಬಂದರೆ ನೆಂಟರಲ್ಲಿ ಯಾರೋ ಹೋಗಿರಬೇಕು ಅಂತ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಎತ್ತಿದೆ.

"ಸಾರ್, ನಿಮ್ಮ ಹತ್ರ ಇಂಗ್ಲೆಂಡಿನ ಹಳೇ ಆಟದ ರೈಲು ಇದೆಯಂತೆ?"

"ಇದೆ."

"ಡಬ್ಬ ಇದೆಯಾ ಸಾರ್?"

ಹಾಲು ಉಕ್ಕಿತು.

ಇದು ಹನ್ನೊಂದನೇ ಫೋನು. ಒಬ್ಬನಾದರೂ ರೈಲು ಹೇಗಿದೆ ಅಂತ ಕೇಳಲಿ! ಓಡುತ್ತಾ, ಕೆಟ್ಟು ನಿಂತಿದೆಯಾ, ಗಾಲಿ ಎಷ್ಟಿವೆ, ಏನೂ ಬೇಡ. ಹೆಣ್ಣು ನೋಡಲು ಬಂದವರು ಹುಡುಗಿಯನ್ನು ಬಿಟ್ಟು, ಅವಳು ಕೂತ ಚಾಪೆ ಎಲ್ಲಿ ತಂದಿರಿ ಅಂತ ವಿಚಾರಿಸಿದ ಹಾಗೆ.

ನಮ್ಮಜ್ಜ ಆಲ್ದೂರಿನ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರು. ಬಯಲುಸೀಮೆಯವರಿಗಾಗಿ ಹೇಳುತ್ತೇನೆ, ಇಲ್ಲಿ ರೈಟರು ಅಂದರೆ ಕಥೆ ಬರೆಯುವವರಲ್ಲ, ಆಳುಗಳ ಹಾಜರಿ ಬರೆಯುವವರು. 1950ರ ದಶಕದಲ್ಲಿ ತೋಟದ ಇಂಗ್ಲಿಷ್ ದೊರೆ ತೋಟ ಮಾರಿ ತಮ್ಮೂರಿಗೆ ಹೊರಟಾಗ ಬಂಗಲೆಯಲ್ಲಿ ಉಳಿದದ್ದನ್ನು ಕೆಲಸದವರಿಗೆ ಹಂಚಿದರಂತೆ. ಬಟ್ಲರಿಗೆ ಪಿಂಗಾಣಿ, ಡ್ರೈವರಿಗೆ ಉಣ್ಣೆ ಕೋಟು, ನಮ್ಮಜ್ಜನಿಗೆ ದೊರೆಮಕ್ಕಳ ಆಟದ ರೈಲು. ಪಿಂಗಾಣಿ ಸಿಕ್ಕಿದವರ ಮೊಮ್ಮಕ್ಕಳು ಈಗ ಹೋಮ್‌ಸ್ಟೇ ಇಟ್ಟು ಅದೇ ಕಪ್ಪಿನಲ್ಲಿ ಬೆಂಗಳೂರಿನವರಿಗೆ ಕಾಫಿ ಕೊಟ್ಟು ಚೆನ್ನಾಗಿದ್ದಾರೆ. ನಮ್ಮ ಮನೆ ಪಾಲಾದಾಗ ದೊಡ್ಡಪ್ಪನಿಗೆ ಊರಮನೆ ಮತ್ತು ಮೂರು ಎಕರೆ ತೋಟ ಹೋಯಿತು. ಅಪ್ಪನಿಗೆ ಚಿಕ್ಕಮಗಳೂರಿನಲ್ಲಿ ಒಂದು ಸೈಟು. ನನಗೆ ರೈಲು. "ಚಿಕ್ಕವನಿದ್ದಾಗ ಅದರ ಹಿಂದೆ ತೆವಳ್ತಿದ್ದೋನು ನೀನೇ ತಾನೆ, ಇಟ್ಕೋ" ಅಂದರು ದೊಡ್ಡಪ್ಪ. ಕಾಫಿ ತೋಟದಲ್ಲೂ ನಾನು ತೆವಳಿದ್ದೆ. ಅದು ಯಾರಿಗೂ ನೆನಪಾಗಲಿಲ್ಲ.

ಕೀ ಕೊಟ್ಟರೆ ಓಡುವ ರೈಲು ಅದು. ಹಸಿರು ತಗಡಿನ ಇಂಜಿನ್, ಅದರ ಪಕ್ಕೆಯ ಮೇಲೆ 3435 ಅಂತ ನಂಬರು, ಹಿಂದೆ ಕಲ್ಲಿದ್ದಲಿನ ಪುಟ್ಟ ಗಾಡಿ, ಆಮೇಲೆ ಕಂದು ಕೆನೆ ಬಣ್ಣದ ಎರಡು ಬೋಗಿ. ಹಳಿಗೂ ಹಳಿಗೂ ನಡುವೆ 32 ಮಿಲಿಮೀಟರು. ಬೋಗಿಯ ಮೈಮೇಲೆ ಇಂಗ್ಲಿಷಿನಲ್ಲಿ 'ಮಾರ್ಜರಿ' ಅಂತ ಹೆಸರು. ಅಜ್ಜಿ ಮಾತ್ರ ಕೊನೆವರೆಗೂ ಅದನ್ನು 'ಮಾರ್ಜಾಲ' ಅಂತಲೇ ಕರೆದಳು. "ಮಳೆ ಬರ್ತಿದೆ, ಮಾರ್ಜಾಲನ್ನ ಒಳಗಿಡ್ರೋ" ಅಂದರೆ ಬೆಕ್ಕೂ ಒಳಗೆ ಬರುತ್ತಿತ್ತು, ರೈಲೂ ಬರುತ್ತಿತ್ತು.

ಈ ಮಾರ್ಜರಿ ದೊರೆಯ ಕಿರಿ ಮಗಳು, ಮಲೇರಿಯಾ ಬಂದು ತೀರಿಕೊಂಡಳು, ಅವಳ ನೆನಪಿಗೆ ದೊರೆ ಬೋಗಿಗೆ ಹೆಸರು ಬರೆಸಿದ ಅನ್ನುವುದು ನಮ್ಮ ಮನೆಯ ಕಥೆ. ದೊಡ್ಡಮ್ಮ ಇದನ್ನು ಹೇಳುವಾಗ ಸೆರಗಿನ ತುದಿ ತಾನಾಗಿ ಕಣ್ಣಿಗೆ ಹೋಗುತ್ತಿತ್ತು. ಎರಡು ಬೋಗಿಗೂ ಒಂದೇ ಹೆಸರು ಯಾಕೆ ಅಂತ ಐವತ್ತು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ.

ಚಿಕ್ಕಮಗಳೂರಿಗೆ ನಿಜವಾದ ರೈಲು ಬಂದದ್ದು 2013ರ ನವೆಂಬರಿನಲ್ಲಿ. ಅಲ್ಲಿಯವರೆಗೆ ರೈಲು ಹತ್ತಬೇಕಾದರೆ ಮೊದಲು ಬಸ್ಸು ಹತ್ತಿ ಕಡೂರಿಗೋ ಬೀರೂರಿಗೋ ಹೋಗಬೇಕಿತ್ತು. ಜಿಲ್ಲಾ ಕೇಂದ್ರದಲ್ಲೇ ಇಲ್ಲದ ರೈಲು ನಮ್ಮ ಊರಮನೆಯ ಜಗಲಿಯಲ್ಲಿ ಓಡುತ್ತಿತ್ತು. ಆಷಾಢದ ಮಳೆಗೆ ಕರೆಂಟು ಹೋದರೆ ಮೂರು ದಿನ ಬರುತ್ತಿರಲಿಲ್ಲ. ಅಜ್ಜ ಲಾಟೀನು ಪಕ್ಕಕ್ಕಿಟ್ಟುಕೊಂಡು ಕೆಂಪು ನೆಲದ ಮೇಲೆ ಹಳಿ ಜೋಡಿಸುತ್ತಿದ್ದರು. ಅಡಿಕೆ ಹಾಳೆ ಬಗ್ಗಿಸಿಟ್ಟರೆ ಸುರಂಗ. ಕೀ ತಿರುಗಿಸಿ ಬಿಟ್ಟರೆ ಕಿರ್ರ್ ಅಂತ ಹೊರಡುತ್ತಿತ್ತು. "ಕಡೂರು, ಕಡೂರು! ಇಳಿಯೋರು ಇಳೀರಿ!" ಅಂತ ಅಜ್ಜ ಕೂಗುತ್ತಿದ್ದರು. ಮೂರು ಸುತ್ತು ಚೆನ್ನಾಗಿ ಹೋಗಿ ನಾಲ್ಕನೆಯದಕ್ಕೆ ಸುಸ್ತಾಗಿ ಸುರಂಗದೊಳಗೇ ನಿಂತುಬಿಡುತ್ತಿತ್ತು. ಕತ್ತಲಿಗೆ ಕೈ ಹಾಕಿ ಅದನ್ನು ಹೊರಗೆ ತೆಗೆಯುವ ಹಕ್ಕು ನನ್ನದು. ಆ ತಗಡು ಬೆಚ್ಚಗಿರುತ್ತಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಲಾಟೀನಿನ ಶಾಖವೋ ಏನೋ. ಊರಿಗೆ ರೈಲು ಬಂದ ದಿನ ದೊಡ್ಡಪ್ಪ ಪೇಪರಿನಿಂದ ತಲೆಯೆತ್ತಿ "ಅಪ್ಪ ಇದ್ದಿದ್ರೆ..." ಅಂತ ಶುರು ಮಾಡಿ, ಮುಗಿಸದೆ ಪುಟ ತಿರುವಿದರು.

ಹಾಗಾದರೆ ಮಾರುವುದ್ಯಾಕೆ ಅಂತೀರಾ? ನಮ್ಮ ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಚಪ್ಪಲಿಗೇ ಬೂಸ್ಟು ಬರುತ್ತದೆ, ತಗಡಿನ ಪಾಡೇನು? ವರ್ಷಕ್ಕಿಷ್ಟು ತುಕ್ಕು ಏರುತ್ತಿದೆ. ಜೊತೆಗೆ ಪ್ರತಿ ದಸರಾಕ್ಕೆ ಅಟ್ಟ ಗುಡಿಸುವಾಗ ಹೆಂಡತಿ "ಇದಕ್ಕೊಂದು ಗತಿ ಕಾಣಿಸಿ" ಅನ್ನುತ್ತಾಳೆ. ಅವಳು ಹೇಳುವುದು ರೈಲಿಗೋ ನನಗೋ ಗೊತ್ತಾಗುವುದಿಲ್ಲ.

ಮಗ ಮೊಬೈಲಿನಲ್ಲಿ ಹುಡುಕಿ, "ಅಪ್ಪಾ, ಇಂಥದ್ದಕ್ಕೆ ಎರಡು ಲಕ್ಷ ಹಾಕಿದ್ದಾರೆ!" ಅಂದ. ಮೂರು ದಿನ ನಾನು ಲಕ್ಷಾಧಿಪತಿ. ಮನೆಗೆ ಬಣ್ಣ ಹೊಡೆಸಿದೆ, ಹೆಂಡತಿಗೆ ಬಳೆ ಮಾಡಿಸಿದೆ, ಸಾಲ ತೀರಿಸಿದೆ, ಎಲ್ಲ ಮನಸ್ಸಿನಲ್ಲೇ. ನಾಲ್ಕನೇ ದಿನ, ಇಂಥ ರೈಲು ಕೂಡಿಡುವ ಬೆಂಗಳೂರಿನವರೊಬ್ಬರು ಸಿಕ್ಕರು. ತುಂಬ ಒಳ್ಳೆಯವರು. ಒಳ್ಳೆಯವರಾದ್ದರಿಂದಲೇ ನಿಜ ಹೇಳಿದರು.

"ಕೇಳಿದ ಬೆಲೆ ನೋಡಬೇಡಿ ಸಾರ್, ಮಾರಿದ ಬೆಲೆ ನೋಡಿ. ಕೇಳೋಕೆ ಯಾರು ಏನು ಬೇಕಾದ್ರೂ ಕೇಳ್ತಾರೆ."

ನಮ್ಮೂರ ಸೈಟುಗಳ ವಿಷಯದಲ್ಲಿ ಇದು ನನಗೆ ಚೆನ್ನಾಗಿ ಗೊತ್ತಿತ್ತು. ರೈಲಿಗೂ ಅದೇ ಕಾನೂನು ಅಂತ ಹೊಳೆದಿರಲಿಲ್ಲ. ಮಗ ಬೆಲೆ ನೋಡಿದ್ದ ವೆಬ್‌ಸೈಟಿನಲ್ಲಿ, ಮಾರಾಟ ಆಗಿಹೋದವನ್ನು ಮಾತ್ರ ತೋರಿಸು ಅಂತ ಒಂದು ಗುಂಡಿ ಇರುತ್ತದೆ. ಒತ್ತಿದೆವು. ಎರಡು ಲಕ್ಷ ಇಳಿದು ಇಳಿದು ನೂರು ಪೌಂಡಿನ ಒಳಗೆ ಬಂದು ಕೂತಿತು.

ಲಿವರ್‌ಪೂಲಿನ ಹಾರ್ನ್‌ಬಿ ಅನ್ನುವವರು 1920ರಲ್ಲಿ ಇಂಥ ರೈಲು ಮಾಡಲು ಶುರು ಮಾಡಿದ್ದಂತೆ. ಅದರಲ್ಲಿ ದೊಡ್ಡ ದೊಡ್ಡ ಇಂಜಿನ್ನುಗಳಿಗೆ ಒಳ್ಳೆಯ ಬೆಲೆ ಇದೆ. ನಮ್ಮದು ಮಕ್ಕಳಿಗೆ ಅಂತ ಮಾಡಿದ ಅಗ್ಗದ ಮಾಲು, ರಾಶಿ ರಾಶಿ ಮಾಡಿದ್ದಾರೆ. 3435 ನಮ್ಮ ಇಂಜಿನ್ನಿನದೊಂದೇ ನಂಬರಲ್ಲ, ಆ ಜಾತಿಯ ಇಂಜಿನ್ನುಗಳ ಮೇಲೆಲ್ಲ ಅದೇ ಇದೆ. ಮಾರ್ಜರಿ?

"ಸಾವಿರಾರು ಬೋಗಿ ಮೇಲೆ ಮಾರ್ಜರಿ ಇದೆ ಸಾರ್. ಆರೇಲಿಯಾ, ವೈಕಿಂಗ್ ಅಂತ ಇನ್ನೆರಡು ಹೆಸರೂ ಬರುತ್ತೆ."

ದೊಡ್ಡಮ್ಮನಿಗೆ ಇದನ್ನು ನಾನಿನ್ನೂ ಹೇಳಿಲ್ಲ. ಅಷ್ಟು ವರ್ಷ ಅತ್ತ ಕಣ್ಣೀರನ್ನು ವಾಪಸ್ ಕೊಡುವುದು ಹೇಗೆ?

ಆಮೇಲೆ ವಿಡಿಯೋ ಕಾಲಿನಲ್ಲಿ ಪರೀಕ್ಷೆ. ಇಂಜಿನ್ನನ್ನು ಮಗುಚಿ ತೋರಿಸಿದೆ, ಸ್ಪ್ರಿಂಗಿನ ಸದ್ದು ಕೇಳಿಸಿದೆ. ಬಣ್ಣ ಕಂಪನಿಯದ್ದೇನಾ, ಮೇಲೆ ಬಳಿದಿದ್ದೀರಾ ಅಂತ ಕೇಳಿದರು. ಬಳಿದರೆ ಬೆಲೆ ಹೋಯಿತಂತೆ, ಗೀರು ಇದ್ದರೂ ಮೂಲದ ಬಣ್ಣವೇ ಮೇಲಂತೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ರೈಲುಗಳಲ್ಲಿ ಸತುವಿನ ಗಾಲಿಗೆ ಸೀಸ ಬೆರೆತು, ಹಾಗೇ ಇಟ್ಟಿದ್ದರೂ ಬಿರುಕು ಬಿಟ್ಟು ಉದುರುತ್ತವಂತೆ. ನಮ್ಮದು ಆಮೇಲಿನದು, ಬಚಾವ್. "ಒರೆಸೋಕೆ ಹೋಗಬೇಡಿ" ಅಂದರು. ಹಿಂದೆ ಹುಣಸೆಹಣ್ಣು ನೆನೆಹಾಕಿ ಕಾಯುತ್ತಿದ್ದ ಹೆಂಡತಿ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಅವತ್ತು ರಾತ್ರಿ ಊಟಕ್ಕೆ ಗೊಜ್ಜು.

"ನಾಲ್ಕೂವರೆ ಸಾವಿರ ಕೊಡ್ತೀನಿ" ಅಂದರು. "ಡಬ್ಬ ಇದ್ರೆ ಎಂಟು."

ಮಕ್ಕಳು ಡಬ್ಬವನ್ನು ಮೊದಲ ದಿನವೇ ಹರಿದು ಬಿಸಾಡುತ್ತಾರೆ, ಅದಕ್ಕೇ ರೈಲಿಗಿಂತ ಡಬ್ಬ ಅಪರೂಪ ಅನ್ನುವುದು ಅವರ ವಿವರಣೆ. ಇಂಗ್ಲೆಂಡಿನಲ್ಲಿ ಹರಿಯಬಹುದು. ನಮ್ಮ ದೊಡ್ಡಮ್ಮನ ಕೈಗೆ ಸಿಕ್ಕ ಡಬ್ಬ ಹರಿದ ಚರಿತ್ರೆಯೇ ಇಲ್ಲ.

ನಡುವೆ, ಸುದ್ದಿ ಹೇಗೆ ಹಬ್ಬಿತೋ, ಬೇರೆಯವರ ಫೋನು ಶುರುವಾದವು. "ಲಾಸ್ಟ್ ಎಷ್ಟು?" ಅಂದವರು ನಾಲ್ವರು, ಫಸ್ಟ್ ಎಷ್ಟು ಅಂತ ನಾನು ಹೇಳುವ ಮೊದಲೇ. ಒಬ್ಬ ದನಿ ತಗ್ಗಿಸಿ, "ಇಂಗ್ಲಿಷರ ಕಾಲದ ಲೋಹ ಅಂದ್ರಲ್ಲ ಸಾರ್, ಅಕ್ಕಿ ಎಳೆಯುತ್ತಾ?" ಅಂದ. ಅಕ್ಕಿಕಾಳು ಸೆಳೆಯುವ ತಾಮ್ರದ ಚೊಂಬಿಗೆ ಕೋಟಿ ಕೊಡುತ್ತಾರೆ ಅಂತ ನಂಬಿ ಮೋಸ ಹೋಗುವ ಮಂದಿ ಇನ್ನೂ ಇದ್ದಾರಲ್ಲ, ಆ ಪೈಕಿ. "ಅಕ್ಕಿ ಎಳೆಯಲ್ಲ, ಎರಡು ಬೋಗಿ ಎಳೆಯುತ್ತೆ" ಅಂದೆ. ಇಟ್ಟುಬಿಟ್ಟ.

ಸರಿ, ಡಬ್ಬದ ಬೇಟೆಗೆ ಆಲ್ದೂರಿನ ಕಡೆ ಹೊರಟೆ. ನಿಮ್ಮ ಮನೆಯಲ್ಲೂ ಇಂಥವರು ಒಬ್ಬರಾದರೂ ಇರುತ್ತಾರೆ. ಬಿಸ್ಕತ್ತಿನ ಡಬ್ಬ ತೆರೆದರೆ ಸೂಜಿ ದಾರ, ಐಸ್‌ಕ್ರೀಮ್ ಡಬ್ಬದಲ್ಲಿ ಸಂಡಿಗೆ, ಹಾರ್ಲಿಕ್ಸ್ ಬಾಟಲಿಯಲ್ಲಿ ಹುರಿಗಡಲೆ. ದೊಡ್ಡಮ್ಮನ ಮನೆಯಲ್ಲಿ ಯಾವ ಡಬ್ಬದ ಒಳಗೂ ಅದರ ಮೇಲೆ ಬರೆದದ್ದು ಇರುವುದಿಲ್ಲ. ಮನೆಗೆ ಸಿಹಿ ತಂದರೆ ಮೊದಲು ಡಬ್ಬದ ಮೂಲೆ ಒತ್ತಿ ಗಟ್ಟಿ ನೋಡುತ್ತಾರೆ, ಆಮೇಲೆ ಸಿಹಿ.

"ರೈಲಿನ ಡಬ್ಬವಾ? ಇಲ್ದೆ ಏನು" ಅಂತ ಬೀರುವಿನ ಮೇಲಿಂದ ಇಳಿಸಿದರು. ಕೆಂಪು ಡಬ್ಬ. ಮುಚ್ಚಳದ ಮೇಲೆ ಹೊಗೆ ಬಿಡುತ್ತಾ ಬರುವ ರೈಲಿನ ಚಿತ್ರ. ಆ ಹೊಗೆಯ ಮೇಲೆ, ನೀಲಿ ಬಾಲ್‌ಪೆನ್ನಿನಲ್ಲಿ, ದೊಡ್ಡಮ್ಮನ ಮುತ್ತಿನಂಥ ಅಕ್ಷರ: 'ಕರೆಂಟ್ ಬಿಲ್, ಎಲ್ಲೈಸಿ, ಜಾತಕ'. ನಾಲ್ಕು ಮೂಲೆಗೂ ಗಾಯಕ್ಕೆ ಹಾಕುವ ಪ್ಲಾಸ್ಟರು. ಒಳಗೆ ನೋಡಿದರೆ ಮೂವತ್ತು ವರ್ಷದ ಕರೆಂಟ್ ಬಿಲ್ಲು, ಬೆಳೆದ ಕಾಫಿಯನ್ನು ಕಾಫಿ ಬೋರ್ಡಿಗೇ ಒಪ್ಪಿಸಬೇಕಿದ್ದ ಪೂಲ್ ಕಾಲದ ಚೀಟಿಗಳು, ನನ್ನದೂ ಸೇರಿ ಏಳು ಜನರ ಜಾತಕ.

"ದೊಡ್ಡಮ್ಮ, ಇದನ್ನ ಕೊಡಿ."

"ಅಯ್ಯೋ ಮಾರಾಯ, ಇದನ್ನ ಕೊಟ್ರೆ ಇವೆಲ್ಲ ಎಲ್ಲಿಡ್ಲಿ? ಬೇರೆ ತಂದುಕೊಡು, ಒಯ್ಯಿ."

ನ್ಯಾಯವಾದ ಮಾತು. ಕಾರಿನಲ್ಲಿ ಹೊಸ ಪ್ಲಾಸ್ಟಿಕ್ ಡಬ್ಬ ಇತ್ತು, ತಂದೆ. "ಪ್ಲಾಸ್ಟಿಕ್‌ನಲ್ಲಿ ಕಾಗದ ಬೆವರುತ್ತೆ." ಬೇಕರಿ ಡಬ್ಬ ತೋರಿಸಿದೆ. ಮೂಲೆ ಒತ್ತಿದರು, ಒಳಗೆ ಹೋಯಿತು, ನನ್ನ ಮುಖ ನೋಡಿದರು. ಶೂ ಡಬ್ಬ ಇದೆ ಅಂದೆ. ತಪ್ಪಾಯಿತು. "ಚಪ್ಪಲಿ ಡಬ್ಬದಲ್ಲಿ ಜಾತಕ ಇಡ್ಲಾ? ಅದಕ್ಕೇ ನಿನ್ನ ಗ್ರಹಚಾರ ಹಿಂಗಿರೋದು." ಜಗಲಿಯಲ್ಲಿ ಪೇಪರು ಹಿಡಿದಿದ್ದ ದೊಡ್ಡಪ್ಪ ಪೇಪರಿನ ಹಿಂದಿನಿಂದಲೇ, "ಸೀರೆ ಡಬ್ಬ ಗಟ್ಟಿ ಇರುತ್ತೆ" ಅಂದರು. ಅದನ್ನು ಅವರು ನನಗೆ ಹೇಳಿದರೋ, ಸುಮ್ನೆ ಲೋಕಕ್ಕೆ ಹೇಳಿದರೋ, ಇವತ್ತಿಗೂ ಗೊತ್ತಿಲ್ಲ.

ಮುಂದಿನ ಭಾನುವಾರ ಸೀರೆ ಡಬ್ಬ ಒಯ್ದೆ. ದೊಡ್ಡಮ್ಮ ಮೂಲೆ ಒತ್ತಿದರು. ಗಟ್ಟಿ. ಅಳತೆ ನೋಡಿದರು. ಸರಿ. ಮುಚ್ಚಳ ತೆಗೆದರು. ಖಾಲಿ. ಏನೂ ಅನ್ನಲಿಲ್ಲ. ಮುಚ್ಚಳ ಮುಚ್ಚಿ, ಮೆಲ್ಲಗೆ ನನ್ನ ಕಡೆಗೆ ಸರಿಸಿದರು. ಮನೆಗೆ ಖಾಲಿ ಡಬ್ಬ ಕೊಡಬಾರದು ಅಂತ ನಮಗೆಲ್ಲ ಹೇಳಿಕೊಟ್ಟವರೇ ಅವರು. ಕೆಳಗೆ ಬಿದ್ದ ಚಕ್ಕುಲಿ ಚೂರಾದರೂ ಹಾಕಿ ಕಳಿಸಬೇಕು. ಸೀರೆ ಡಬ್ಬಕ್ಕೆ ಚಕ್ಕುಲಿ ಹಾಕಲಾಗುತ್ತದೆಯೇ?

ಸೀರೆಗೆ 3,150 ರೂಪಾಯಿ. ಮೂರು ಸಲ ಹೋಗಿಬಂದ ಪೆಟ್ರೋಲು 600. ಡಬ್ಬದಿಂದ ನನಗೆ ಹೆಚ್ಚಿಗೆ ಬರುವುದು 3,500. ಲೆಕ್ಕ ಹಾಕಿ ನೋಡಬೇಡಿ, ನಾನು ಹಾಕಿದ್ದೇನೆ.

ಡಬ್ಬ ತಂದು ಫೋಟೋ ಕಳಿಸಿದೆ. ಬೆಂಗಳೂರಿನವರು ಬಾಲ್‌ಪೆನ್ನನ್ನು ಕ್ಷಮಿಸಿದರು. "ಪಕ್ಕದ ಚೀಟಿ ಮೇಲೆ ಪ್ಲಾಸ್ಟರ್ ಇದೆ ಸಾರ್, ಹೇರ್ ಡ್ರೈಯರ್ ಬಿಸಿ ಕೊಟ್ಟು ನಿಧಾನಕ್ಕೆ ಬಿಡಿಸಿ" ಅಂದರು. ಮಗ ಬಿಸಿಗಾಳಿ ಹಿಡಿದ, ನಾನು ಉಗುರಿನ ತುದಿಯಿಂದ ಎಬ್ಬಿಸಿದೆ. ಪ್ಲಾಸ್ಟರು ಅಂಟು ಎಳೆಯುತ್ತಾ ಮೇಲೆ ಬಂತು. ಕೆಳಗೆ ಒಂದೊಂದೇ ಅಕ್ಷರ ಕಾಣಿಸಿತು. ಗೂಡ್ಸ್.

ನಮ್ಮದು ಪ್ಯಾಸೆಂಜರ್. ಡಬ್ಬ ಗೂಡ್ಸ್ ಗಾಡಿಯದ್ದು.

ದೊಡ್ಡಮ್ಮನಿಗೆ ಫೋನು ಮಾಡಿದೆ. "ಗೂಡ್ಸಾ? ಹೂಂ, ಎರಡು ಸೆಟ್ಟು ಇತ್ತಲ್ಲ. ಒಂದನ್ನ ನಿಮ್ಮ ಸಕಲೇಶಪುರದ ಅತ್ತೆ ಮಗನಿಗೆ ಕೊಟ್ವಿ. ಡಬ್ಬ ಅದಲು ಬದಲಾಗಿರಬೇಕು." ಅತ್ತೆಗೆ ಮಾಡಿದೆ. ಗೂಡ್ಸ್ ಗಾಡಿ ಹೇಮಾವತಿ ಹೊಳೆಯಲ್ಲಿ ಆಟವಾಡುವಾಗಲೇ ಹೋಯಿತಂತೆ, ಮಗ ಮೂರನೇ ಕ್ಲಾಸಿನಲ್ಲಿದ್ದಾಗ.

"ಡಬ್ಬ ಮಾತ್ರ ಭದ್ರವಾಗಿದೆ ಕಣೋ. ನಿಮ್ಮ ಮಾವನ ಬಿಪಿ ಮಾತ್ರೆ, ಶುಗರ್ ಮಾತ್ರೆ ಎಲ್ಲ ಅದರಲ್ಲೇ ಇಟ್ಟಿದೀನಿ. ಬೇಕಾದ್ರೆ ಬಾ, ಕೊಡ್ತೀನಿ. ಅತ್ತಿಗೆ ಹೇಳಿದ್ರು, ಒಳ್ಳೇ ಸೀರೆ ತಂದುಕೊಟ್ಟನಂತೆ ನೀನು."

ಭಾನುವಾರ ಸಕಲೇಶಪುರಕ್ಕೆ ಹೊರಟಿದ್ದೇನೆ. ಶನಿವಾರ ಸೀರೆ ಅಂಗಡಿ.