ಸಂತೋಷಪಡಿರಿ ಎಂದು ಫಾರ್ವರ್ಡ್ ಮಾಡುವ ಮೊದಲು

ಡಿಸೆಂಬರ್ ಬಂತೆಂದರೆ ಚರ್ಚಿನ ಸಭೆಯ ವಾಟ್ಸಾಪ್ ಗ್ರೂಪು, ಕುಟುಂಬದ ಗ್ರೂಪು, ಸ್ತ್ರೀಯರ ಕೂಟದ ಗ್ರೂಪು ಎಲ್ಲದರಲ್ಲೂ ಒಂದೇ ವಚನ: ಕರ್ತನಲ್ಲಿ ಯಾವಾಗಲೂ ಸಂತೋಷಪಡಿರಿ. ಹಿಂದೆ ಗುಲಾಬಿ ಹೂವು, ಮೇಲೊಂದು ಪಾರಿವಾಳ. ವಚನದ ಮೇಲೆ ನನಗೆ ತಕರಾರಿಲ್ಲ. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಿರುವಾಗ, ಸಾಲ ಕೊಟ್ಟವರು ದಿನಾ ಫೋನ್ ಮಾಡುತ್ತಿರುವಾಗ ಅದನ್ನು ಕಳಿಸಿ ಕೈ ತೊಳೆದುಕೊಳ್ಳುತ್ತಾರಲ್ಲ, ಅದರ ಮೇಲೆ ತಕರಾರು.

ನಮ್ಮ ಯಜಮಾನರಿಗೆ ಸ್ಟ್ರೋಕ್ ಆಗಿ ಬಲಗೈ ಬಲಗಾಲು ಬಿದ್ದುಹೋಗಿ ಮಾತೂ ನಿಂತ ವರ್ಷ ಇಂಥದ್ದು ಬೇಕಾದಷ್ಟು ಕೇಳಿದ್ದೇನೆ. "ನಂಬಿಕೆ ಇದ್ದರೆ ಮುಖ ಹೀಗೆ ಬಾಡುವುದಿಲ್ಲ ಅಕ್ಕ" ಎಂದವರೂ ಇದ್ದರು. ಅವರೇನೋ ಚಾ ಕುಡಿದು ಹೋಗುತ್ತಾರೆ. ಮತ್ತೆ ಡಯಾಪರ್ ಬದಲಿಸಬೇಕಾದದ್ದು ನಾನೇ ಅಲ್ವಾ ಮಾರಾಯ್ರೇ.

ಆ ವಚನ ಇರುವುದು ಬೈಬಲಿನಲ್ಲಿ, ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಗೆ ಬರೆದ ಪತ್ರದಲ್ಲಿ. ಅದನ್ನು ಒಮ್ಮೆ ಪೂರ್ತಿ ಓದಿ. ನಾಲ್ಕೇ ಅಧ್ಯಾಯ, ಅರ್ಧ ಗಂಟೆ ಸಾಕು. ಬರೆದ ಪೌಲ ಸೆರೆಯಲ್ಲಿದ್ದಾನೆ. ಎಪಫ್ರೊದೀತ ಕಾಯಿಲೆಯಿಂದ ಸಾಯುವ ಹಾಗಾಗಿದ್ದ, ದೇವರು ಉಳಿಸದಿದ್ದರೆ ನನಗೆ ದುಃಖದ ಮೇಲೆ ದುಃಖ ಆಗುತ್ತಿತ್ತು ಎಂದು ನೇರವಾಗಿ ಬರೆಯುತ್ತಾನೆ. ಕಣ್ಣೀರು ಸುರಿಸಿ ಹೇಳುತ್ತೇನೆ ಎಂಬ ಮಾತೂ ಅಲ್ಲೇ ಇದೆ. ಈ ಎಪಫ್ರೊದೀತ ಯಾರು? ಫಿಲಿಪ್ಪಿಯ ಸಭೆಯವರು ಪೌಲನಿಗೆ ಕಳಿಸಿದ ಸಾಮಾನು ಹೊತ್ತು ತಂದವನು. ಪತ್ರದ ಕೊನೆಯಲ್ಲಿ ಪೌಲ ಅದು ತಲುಪಿತು ಎಂದು ಉಪಕಾರ ಹೇಳುತ್ತಾನೆ. ಸಂತೋಷಪಡಿರಿ ಎಂಬ ಮಾತು ಬಂದದ್ದು ಇಂಥ ಕೊಡು ಕೊಳ್ಳುವಿಕೆಯ ನಡುವೆ.

ಹಳೆಯ ಒಡಂಬಡಿಕೆಯ ನೆಹೆಮೀಯನ ಪುಸ್ತಕದ ಎಂಟನೇ ಅಧ್ಯಾಯವೂ ಹಾಗೆಯೇ. ಬಾಬೆಲಿನ ಸೆರೆಯಿಂದ ಹಿಂದಿರುಗಿದ ಜನ, ಯಾಜಕ ಎಜ್ರ ಬೆಳಗಿನಿಂದ ಮಧ್ಯಾಹ್ನದವರೆಗೆ ಓದಿದ ಧರ್ಮಶಾಸ್ತ್ರ ಕೇಳಿ ಅಳತೊಡಗುತ್ತಾರೆ. ಯೆಹೋವನ ಆನಂದವೇ ನಿಮ್ಮ ಬಲ ಎಂಬ ವಾಕ್ಯವನ್ನು ನಾವು ಫ್ರೇಮ್ ಹಾಕಿಸಿ ಗೋಡೆಗೆ ತೂಗಿಸಿದ್ದೇವೆ. ಅದರ ಹಿಂದಿನ ಮಾತನ್ನು ಯಾರೂ ಫ್ರೇಮ್ ಹಾಕಿಸುವುದಿಲ್ಲ: ಹೋಗಿ ಕೊಬ್ಬಿದ್ದನ್ನು ಉಣ್ಣಿ, ಸಿಹಿ ಕುಡಿಯಿರಿ, ಏನೂ ಮಾಡಿಕೊಳ್ಳದವರ ಮನೆಗೂ ಒಂದು ಪಾಲು ಕಳಿಸಿ.

ಮಂಗಳೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಕ್ರಿಸ್‌ಮಸ್‌ಗೆ ನಮ್ಮಲ್ಲಿ ಎಣ್ಣೆ ಬಾಣಲೆ ಒಲೆಯ ಮೇಲೆ ಏರಲೇ ಇಲ್ಲ. ಪಕ್ಕದ ಮನೆಯ ಕ್ಯಾಥೊಲಿಕ್ ಬಾಯಮ್ಮ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳನ್ನು, ತಂದರು. ನೆವ್ರಿ, ಕಿಡಿಯೊ, ಗುಳಿಯೊ, ಎಲ್ಲ. ತಟ್ಟೆ ಇಟ್ಟು ಹೋಗಲಿಲ್ಲ. "ನೀವು ಇಗರ್ಜಿಗೆ ಹೋಗಿ ಬನ್ನಿ, ಇವರ ಹತ್ತಿರ ನಾನು ಕೂತುಕೊಳ್ತೇನೆ" ಎಂದರು. ನಾನು ಹೋದೆ. ಹಾಡಲು ಬಾಯಿ ಬರಲಿಲ್ಲ, ಬೆಂಚಿನವರು ಹಾಡಿದರು. ಅಷ್ಟು ಸಾಕಾಯಿತು. ನಾನು ನಂಬುವುದು ಇದನ್ನೇ: ಸೋತ ದಿನ ನನ್ನ ಬದಲು ನಂಬುವವರು, ನನ್ನ ಬದಲು ಹಾಡುವವರು ಬೇಕು. ಸಭೆ ಇರುವುದೇ ಅದಕ್ಕೆ.

ಹೊಸ ವರ್ಷದ ನಂತರ ಒಂದು ಭಾನುವಾರ ನಾಲ್ಕಾರು ಜನ ಮನೆಗೆ ಬಂದು ಹಳೆಯ ಸ್ತೋತ್ರ ಹಾಡಿದರು, ಜರ್ಮನ್ ರಾಗದ್ದು. ತಮ್ಮ ಹೆಸರು ಹೇಳಲೂ ಆಗದಿದ್ದ ಯಜಮಾನರು ಎರಡನೇ ಸಾಲಿಗೆ ಸೇರಿಕೊಂಡರು. ಪದಗಳ ಸಮೇತ! ನಾವು ಹಾಡು ನಿಲ್ಲಿಸಿ ನಕ್ಕೆವು, ಅತ್ತೆವು, ಮತ್ತೆ ಮೊದಲಿನಿಂದ ಹಾಡಿದೆವು. ಮಾತು ಕಲಿಸುವ ಥೆರಪಿಸ್ಟ್ ಹೇಳಿದರು, ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿ ಮಾತು ಹೋದರೂ ಕೆಲವರಿಗೆ ಹಾಡು ಉಳಿಯುತ್ತದೆ, ಹಾಡಿಗೆ ಬಲಭಾಗದ ನೆರವೂ ಇರುತ್ತದೆ ಎಂದು. ಪವಾಡ ಎಂದು ಸಾಕ್ಷಿ ಹೇಳಿ ಎಂದು ಕೆಲವರು ಒತ್ತಾಯಿಸಿದರು. ನಾನು ಒಪ್ಪಲಿಲ್ಲ. ದೇವರು ಮಿದುಳನ್ನು ಹಾಗೆ ಮಾಡಿಟ್ಟಿದ್ದಕ್ಕೆ ಸ್ತೋತ್ರ ಹೇಳಿದರೆ ಸಾಲದೇ?

1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್‌ಲೆಂಡಿನ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರ ಜೊತೆ ಬಂದ ರಾಗಗಳಿವು. ಆ ಜರ್ಮನ್ ಗೀತೆಗಳನ್ನೆಲ್ಲ ಸುಖದಲ್ಲಿದ್ದವರು ಬರೆದದ್ದಲ್ಲ. ಅಲ್ಲಿನ ಪ್ರಸಿದ್ಧ ಕೃತಜ್ಞತಾ ಗೀತೆಯೊಂದನ್ನು ಬರೆದ ಮಾರ್ಟಿನ್ ರಿಂಕಾರ್ಟ್ ಐಲೆನ್‌ಬುರ್ಗ್ ಎಂಬ ಊರಿನ ಪಾದ್ರಿ. ಮೂವತ್ತು ವರ್ಷದ ಯುದ್ಧದ ನಡುವೆ, 1637ರ ಪ್ಲೇಗಿನಲ್ಲಿ ಅವರು 4000ಕ್ಕೂ ಹೆಚ್ಚು ಜನರನ್ನು ಮಣ್ಣು ಮಾಡಿದರು. ಅದರಲ್ಲಿ ಅವರ ಹೆಂಡತಿಯೂ ಒಬ್ಬರು.

ಹಾಡಿದರೂ, ಪಾಲು ಬಂದರೂ ಭಾರ ಇಳಿಯದವರಿದ್ದಾರೆ. ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆ ಎಂದರ್ಥವಲ್ಲ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಸತ್ಯವೇದದಿಂದ ಅದನ್ನು ಯಾರೂ ತೆಗೆದುಹಾಕಿಲ್ಲ.

ಈ ಸಲ ನಮ್ಮ ಸ್ತ್ರೀಯರ ಕೂಟದಲ್ಲಿ ಪಾಳಿ ಮಾಡಿಕೊಂಡಿದ್ದೇವೆ. ಕಾಯಿಲೆಯವರಿರುವ ಮನೆಗೆ ಇಬ್ಬಿಬ್ಬರು ಹೋಗುವುದು, ಪ್ರಾರ್ಥನೆ ಐದು ನಿಮಿಷ, ಉಳಿದ ಹೊತ್ತು ಪಾತ್ರೆ, ಔಷಧ, ರೋಗಿಯ ಹತ್ತಿರ ಕೂರುವುದು. ಮನೆಯವಳು ಮಲಗಲಿ, ಪೇಟೆಗೆ ಹೋಗಲಿ, ಅವಳಿಷ್ಟ. ಶನಿವಾರ ಸಂಜೆಗೆ ಇನ್ನಿಬ್ಬರು ಬೇಕಾಗಿದ್ದಾರೆ. ಬಲ್ಮಠ, ಜೆಪ್ಪು ಕಡೆಯವರಾದರೆ ಅನುಕೂಲ. ಬರುವವರು ಇನ್‌ಬಾಕ್ಸ್‌ಗೆ ಬನ್ನಿ.